ಶರಾವತಿ ದಾಟಿದ ಕೂಡಲೇ ಮಿಟುಕುವ ದೀಪ

ನಮ್ಮ ಮನೆಯಲ್ಲಿ ಯಾವ ವಸ್ತುವೂ ನೆಟ್ಟಗೆ ಕೆಟ್ಟುಹೋದದ್ದಿಲ್ಲ. ಬೇರೆಯವರ ಮನೆಯ ಫ್ಯಾನು ಒಂದು ದಿನ ನಿಲ್ಲುತ್ತದೆ, ರಿಪೇರಿಯವನು ಬರುತ್ತಾನೆ, ಮತ್ತೆ ತಿರುಗುತ್ತದೆ. ನಮ್ಮ ಫ್ಯಾನು ರಿಪೇರಿಯವನ ಸೈಕಲ್ ಬೆಲ್ಲು ಕೇಳಿದ ಕೂಡಲೇ ತಿರುಗಲು ಶುರು ಮಾಡಿ, ಅವನು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ನಿಲ್ಲುತ್ತದೆ. ಇಂಥ ಮನೆಗೆ ಒಂದು ಹಳೆಯ ಕಾರು ಬಂದರೆ ಅದು ಬೇರೆ ಥರ ಇರಲು ಹೇಗೆ ಸಾಧ್ಯ?

ನಾನು ಹೊನ್ನಾವರ ಪೇಟೆಯಲ್ಲಿ ಟೇಲರ್. ನನ್ನ ಹೆಂಡತಿ ಹೊಳೆಯಾಚೆ, ಮುರ್ಡೇಶ್ವರದ ಹತ್ತಿರದ ಒಂದು ಶಾಲೆಯಲ್ಲಿ ಟೀಚರು. ನಮ್ಮ ಕಡೆಯವರ ಬಾಯಲ್ಲಿ ‘ಅಕ್ಕೋರು’. ಕಾರು ಅವಳದ್ದು. ನನಗೆ ಹೊಲಿಗೆ ಮಷಿನ್ನಿನ ಪೆಡಲು ಬಿಟ್ಟರೆ ಬೇರೆ ಪೆಡಲು ಗೊತ್ತಿಲ್ಲ. ಅವಳ ಅಪ್ಪ, ಅಂದರೆ ನನ್ನ ಮಾವ, ಕುಮಟೆಯಲ್ಲಿ ಬಹಳ ವರ್ಷ ಟ್ಯಾಕ್ಸಿ ಓಡಿಸಿದವರು. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು ಇರುವ ಕಾಲದ ಗಾಡಿ. ಮಗಳಿಗೆ ಕುಮಟೆಯ ಹತ್ತಿರದ ತಮ್ಮ ಬಾಡ ಊರಿನ ಸಮುದ್ರದಂಡೆಯಲ್ಲಿ, ನೀರು ಇಳಿದಾಗಿನ ಗಟ್ಟಿ ಮರಳಿನ ಮೇಲೆ ಡ್ರೈವಿಂಗ್ ಕಲಿಸಿದ್ದರು. ಮೀನುಬಲೆ ಒಣಗಿಸಿದ ಕಡೆ ಬಲೆ ತುಳಿಯದೆ ರಿವರ್ಸ್ ತೆಗೆಯಬೇಕು, ಅದೇ ಪರೀಕ್ಷೆ. ಅವಳು ಅದರಲ್ಲಿ ಪಾಸಾದವಳು. ಕೊಂಕಣ ರೈಲು ಓಡಲು ಶುರುವಾದ ಆ ಹೊಸತರಲ್ಲಿ, ಹೆದ್ದಾರಿಯಲ್ಲಿ ಸೀರೆ ಉಟ್ಟು ಕಾರು ಓಡಿಸುವ ಇನ್ನೊಬ್ಬ ಹೆಂಗಸನ್ನು ನಾನಂತೂ ನೋಡಿರಲಿಲ್ಲ. ಎದುರಿನ ಬಸ್ಸಿನ ಡ್ರೈವರುಗಳು ನೋಡಿ ಆಶ್ಚರ್ಯಪಡುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಕೂತು ಹೆಮ್ಮೆಪಡುತ್ತಿದ್ದೆ.

ಮಾವ ಟ್ಯಾಕ್ಸಿ ಓಡಿಸುವುದು ಬಿಟ್ಟು ಆ ಕಾರನ್ನೇ ಮಗಳಿಗೆ ಕೊಡುವಾಗ ಒಂದು ಷರತ್ತು ಹಾಕಿದ್ದರು. “ಇದು ನಿನ್ನ ಒಂದ್ ದಿನ ದಾರಿಲಿ ನಿಲ್ಸ್ತು ಅಂದ್ರೆ ಮಾರೂದು. ಆತಾ?”

“ಆತು” ಎಂದಿದ್ದಳು ಇವಳು.

ಈ ಷರತ್ತನ್ನು ಕಾಯುವ ಕೆಲಸವನ್ನು ಯಾರೂ ಹೇಳದಿದ್ದರೂ ಮೈಮೇಲೆ ಹಾಕಿಕೊಂಡವನು ಅವಳ ಅಣ್ಣ, ನನ್ನ ಭಾವ. ತಂಗಿ ಎಲ್ಲಿ ರಸ್ತೆಬದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೋ ಎಂದು ಅವನಿಗೆ ನಿಜವಾದ ಹೆದರಿಕೆ. ಹಾಗಾಗಿ ಒಬ್ಬ ಗಿರಾಕಿಯನ್ನೂ ಹುಡುಕಿ ಇಟ್ಟಿದ್ದ. ಭಟ್ಕಳದಲ್ಲಿ ಮೀನಿಗೆ ಐಸು ಪೂರೈಸುವ ಸಾಹೇಬರು. ಅವರಿಗೆ ಕಾರು ಬೇಡ, ಇಂಜಿನ್ನು ಮಾತ್ರ ಬೇಕು, ಐಸ್ ಪುಡಿ ಮಾಡುವ ಯಂತ್ರಕ್ಕೆ. ಅಪ್ಪನ ಕಾರು ಬಂಗುಡೆ ಮೀನಿಗೆ ಐಸು ಅರೆಯುವುದನ್ನು ನೆನೆಸಿಕೊಂಡರೆ ನನ್ನ ಹೆಂಡತಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಬ್ಯಾಟರಿಯ ಕೆಂಪು ದೀಪ ಮಿಟುಕಿತು.

೧. ನಾಲ್ಕಾಣೆ ಸಾಲಲಿಲ್ಲ

ಆವತ್ತು ಭಾನುವಾರ. ನನ್ನ ತಂಗಿಯನ್ನು ಭಟ್ಕಳದ ಹತ್ತಿರ ಮುಟ್ಟಳ್ಳಿಗೆ ಕೊಟ್ಟಿದ್ದು. ಹೆಚ್ಚಿನ ಭಾನುವಾರ ನಮ್ಮ ಆಯಿಗೆ, ಎಂದರೆ ನನ್ನ ತಾಯಿಗೆ, ಮಗಳನ್ನು ನೋಡಬೇಕು. ಆಯಿ ಮುಂದಿನ ಸೀಟೇ ಬೇಕೆನ್ನುವವಳು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ. ಮುಂದೆ ಕೂತರೂ ಗಾಳಿ ಬೇಕು. ಆ ಕಿಟಕಿಯ ಗಾಜು ನಾಲ್ಕು ಬೆರಳಿನಷ್ಟು ಇಳಿದು ಅಲ್ಲಿಗೆ ಹಟ ಹಿಡಿಯುತ್ತಿತ್ತು, ಅಷ್ಟೇ ಗಾಳಿಯಲ್ಲಿ ಅವಳು ಮುಟ್ಟಳ್ಳಿ ಮುಟ್ಟುತ್ತಿದ್ದಳು.

ಹೊನ್ನಾವರದಿಂದ ಭಟ್ಕಳದ ಕಡೆ ಹೊರಟರೆ ಮೊದಲು ಸಿಗುವುದೇ ಶರಾವತಿಯ ಸೇತುವೆ. ಹೊಳೆ ದಾಟುವಾಗ ನಾಣ್ಯ ಹಾಕಿ ಕೈಮುಗಿಯುವುದು ನಮ್ಮ ಹಿರಿಯರ ಪದ್ಧತಿ. ಸೇತುವೆಯಿಲ್ಲದ ಕಾಲದಲ್ಲಿ ದೋಣಿಯಲ್ಲಿ ಕೂತು ಹಾಕುತ್ತಿದ್ದರಂತೆ. ಆಯಿ ಸೀರೆಯ ಸೆರಗಿನ ಗಂಟಿನಿಂದ ನಾಲ್ಕಾಣೆ ತೆಗೆದು, ಕಣ್ಣು ಮುಚ್ಚಿ, ಏನೋ ಗುಣಗುಣಿಸಿ ಹಾಕುತ್ತಾಳೆ. ಹಿಂದೆ ಕೂತ ನಾನೂ ಕಣ್ಣು ಮುಚ್ಚಿ ಕೈಮುಗಿಯುತ್ತೇನೆ. ನನ್ನ ಹೆಂಡತಿ ಕಣ್ಣು ಮುಚ್ಚುವುದಿಲ್ಲ. ಮುಚ್ಚಿದರೆ ಮೂವರೂ ನಾಣ್ಯದ ಜೊತೆಗೇ ಹೋಗುತ್ತೇವೆ.

ಸೇತುವೆ ದಾಟಿ ಕಾಸರಕೋಡಿನ ತಿರುವಿಗೆ ಬಂದಾಗ ಆಯಿ ಸೊಸೆಯನ್ನು ಕೇಳಿದಳು, “ತಂಗಿ, ಅದೆಂತದೆ ಕೆಂಪಿಂದು ಮಿಣಿಮಿಣಿ ಅಂತದೆ?”

ಹೆಂಡತಿ ನೋಡಿ ಬೆಚ್ಚಿದಳು. ಇಂಜಿನ್ನು ಓಡುವಾಗ ಆ ದೀಪ ಆರಿರಬೇಕು. ಹತ್ತಿದರೆ ಬ್ಯಾಟರಿಗೆ ಚಾರ್ಜು ಹೋಗುತ್ತಿಲ್ಲ, ಗಾಡಿ ಇಂದಲ್ಲ ನಾಳೆ ದಾರಿಯಲ್ಲಿ ನಿಲ್ಲುತ್ತದೆ ಎಂದು ಲೆಕ್ಕ. ಇದನ್ನು ಅವಳು ಆಯಿಗೆ ವಿವರಿಸಿ ಹೇಳಿದಳು. ಆಯಿ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

“ಬ್ಯಾಟರಿದು ಅಲ್ಲ ಮಗಾ. ಹೊಳೆ ದಾಟಿದ ಕೂಡ್ಲೆ ಹತ್ತಿದ್ದು ಅದು. ಅಕ್ಕಿಗೆ, ಎಣ್ಣೆಗೆ ಎಲ್ಲದಕ್ಕೂ ರೇಟ್ ಏರದೆ. ಹೊಳೆಗೆ ಮಾತ್ರ ನಾಲ್ಕಾಣೆ ಕೊಟ್ರೆ ಅವ್ಳಿಗೆ ಬೇಜಾರ್ ಆಗೂದಿಲ್ವಾ?”

ಬರುವಾಗ ಆಯಿ ಎಂಟಾಣೆ ಹಾಕಿದಳು.

೨. ಕಿವಿಗೆ ಸ್ಕ್ರೂಡ್ರೈವರು

ಮುಂದಿನ ವಾರ ಮುಟ್ಟಳ್ಳಿಗೆ ಹೋದಾಗ ಭಟ್ಕಳದ ಒಬ್ಬ ಇಲೆಕ್ಟ್ರಿಷಿಯನ್ ಹತ್ತಿರ ತೋರಿಸಿದೆವು. ಅಲ್ಲಿಯ ನವಾಯತ ಮುಸ್ಲಿಂ ಸಾಹೇಬರು, ಗಡ್ಡಕ್ಕೆ ಮೆಹೆಂದಿ, ಮಾತು ಕಮ್ಮಿ. ಬಾನೆಟ್ ಎತ್ತಿಸಿ ಇಂಜಿನ್ನು ಓಡಲು ಬಿಟ್ಟು, ಉದ್ದನೆ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಆಲ್ಟರ್ನೇಟರಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಡಾಕ್ಟರು ಎದೆಬಡಿತ ಕೇಳುವಾಗ ಮನೆಯವರು ನಿಲ್ಲುವ ಹಾಗೆ ನಾವೆಲ್ಲ ಉಸಿರು ಹಿಡಿದು ನಿಂತೆವು. ಆಯಿಯಂತೂ ಕಾರಿನ ಬಾಗಿಲಿಗೆ ಕೈ ಇಟ್ಟು ಸವರಿದಳು, ಸಮಾಧಾನ ಮಾಡುವ ಹಾಗೆ.

“ಬೇರಿಂಗ್ ಮಸ್ತ್ ಅದೆ” ಎಂದರು ಸಾಹೇಬರು. ಆಮೇಲೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಒಳಗೆ ಬಹಳ ಹೋಯಿತು. “ಇದು ಸಡಿಲ. ಇದ್ರದ್ದೇ ಕೆಲಸ.”

ಬೆಲ್ಟು ಬಿಗಿ ಮಾಡಿದರು. ಹೆಡ್‌ಲೈಟು, ವೈಪರು, ಹಾರ್ನು ಎಲ್ಲ ಒಟ್ಟಿಗೇ ಹಾಕಿಸಿ ಮೀಟರು ಹಿಡಿದು ನೋಡಿದರು. ಬಿಸಿಲಲ್ಲಿ ದೀಪ ಉರಿಸಿಕೊಂಡು, ಒಣ ಗಾಜು ಒರೆಸಿಕೊಂಡು, ನಮ್ಮ ಕಾರು ನಡುರಸ್ತೆಯಲ್ಲಿ ಅರಚುತ್ತ ನಿಂತಿತು. ಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು.

“ಫಿಕರ್ ಮಾಡ್ಬೇಡಿ ಟೀಚರ್. ಚಾರ್ಜಿಂಗ್ ಬರಾಬರ್.”

ನಿಜ ಹೇಳಬೇಕೆಂದರೆ ಆ ಮನುಷ್ಯನ ಕೆಲಸ ನೋಡಿ ನನಗೆ ಸಂತೋಷವಾಯಿತು. ಬೆಲ್ಟು ನಿಜವಾಗಿಯೂ ಸಡಿಲ ಇತ್ತು, ಕಾರಿನ ಕಿರಿಕಿರಿ ಶಬ್ದ ಆವತ್ತೇ ನಿಂತಿತು. ವಾಪಸು ಬರುವಾಗ ಮುರ್ಡೇಶ್ವರದ ಕ್ರಾಸು ದಾಟಿದೆವು, ದೀಪ ಇಲ್ಲ. ಮಂಕಿ ದಾಟಿದೆವು, ಇಲ್ಲ. ಶರಾವತಿ ಬಂತು. ಆಯಿ ಎಂಟಾಣೆ ಹಾಕಿದಳು, ಕೈಮುಗಿದಳು. ಸೇತುವೆ ಮುಗಿದು ಪೇಟೆಯ ಕಡೆ ಎಡಕ್ಕೆ ತಿರುಗಿದ್ದೇ ತಡ, ದೀಪ ಮಿಟುಕಿತು.

ಹೆಂಡತಿಯ ಮುಖ ಸಣ್ಣದಾಯಿತು. ಆಯಿಯ ಮುಖ ಮಾತ್ರ ಅರಳಿತು. “ಆ ಸಾಹೇಬ್ರು ಒಳ್ಳೇವ್ರು ಮಗಾ, ಆದ್ರೆ ಅವ್ರು ಇಂಜಿನ್ನಿಗೆ ಕಿವಿ ಕೊಟ್ರು, ಹೊಳೆಗೆ ಕೊಡ್ಲಿಲ್ಲ” ಎಂದಳು. ಮುಂದಿನ ವಾರದಿಂದ ಒಂದು ರೂಪಾಯಿ ಎಂದು ಅಲ್ಲೇ ತೀರ್ಮಾನವಾಯಿತು.

೩. ಬೆಕ್ಕು ತೋರಿಸಿದ ಅರ್ಥಿಂಗ್

ಬಾಡಕ್ಕೆ, ಹೆಂಡತಿಯ ತವರಿಗೆ ಹೋಗಬೇಕಾಗಿ ಬಂತು. ದೀಪದ ಸುದ್ದಿ ತನ್ನ ಅಣ್ಣನಿಗೆ ಗೊತ್ತಾಗಬಾರದೆಂದು ಮೊದಲೇ ಕುಮಟೆಯಲ್ಲಿ ಇನ್ನೊಬ್ಬರಿಗೆ ತೋರಿಸೋಣ ಎಂದಳು. ಮಾವನ ಟ್ಯಾಕ್ಸಿ ಕಾಲದ ಪರಿಚಯದ ಇಲೆಕ್ಟ್ರಿಷಿಯನ್, ಕೊಂಕಣಿಯವರು, ಮೀನು ಮಾರ್ಕೆಟಿನ ಹತ್ತಿರ ಅಂಗಡಿ. ಅವರದ್ದೊಂದು ಬೆಕ್ಕು, ಸದಾ ಟೂಲ್ ಬಾಕ್ಸಿನ ಮೇಲೆ ಮಲಗಿರುತ್ತದೆ.

ಬಾನೆಟ್ ಎತ್ತಿದ್ದೇ ತಡ, ಬೆಕ್ಕು ಎದ್ದಿತು. ಬಂಪರಿನ ಮೇಲೆ ಹಾರಿ, ಬ್ಯಾಟರಿ ಬಿಟ್ಟು, ಆಲ್ಟರ್ನೇಟರು ಬಿಟ್ಟು, ಇಂಜಿನ್ನಿನಿಂದ ಕಾರಿನ ತಗಡಿಗೆ ಬರುವ ಒಂದು ಹೆಣೆದ ತಂತಿಪಟ್ಟಿಯ ಹತ್ತಿರ ಹೋಗಿ ಮೂಸಿ, ನೆಕ್ಕಲು ಶುರು ಮಾಡಿತು. ಓಡಿಸಿದರೆ ಮತ್ತೆ ಅಲ್ಲಿಗೇ ಬಂತು.

ಅವರು ಬಗ್ಗಿ ನೋಡಿದರು. ಅದು ಅರ್ಥಿಂಗ್ ಪಟ್ಟಿ. ಹಸಿರು ಪಾಚಿ ಕಟ್ಟಿದ ಹಾಗೆ ಕಿಲುಬು ಹಿಡಿದಿತ್ತು. ಮಾವನ ಟ್ಯಾಕ್ಸಿಯ ಮೇಲಿನ ಕ್ಯಾರಿಯರಿನಲ್ಲಿ ವರ್ಷಗಟ್ಟಲೆ ಮೀನಿನ ಬುಟ್ಟಿ ಹೋಗಿವೆಯಲ್ಲ, ಅವುಗಳ ಉಪ್ಪುನೀರು ಗಾಜಿನ ಮೇಲಿಂದ ಇಳಿದು ಇಳಿದು ಅಲ್ಲಿ ಸೇರಿದೆ. ಅವರು ಅದನ್ನು ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಪಾಲೀಶ್ ಕಾಗದದಲ್ಲಿ ತಿಕ್ಕಿ, ಚಿನ್ನದ ಸರ ಒರೆಸುವಷ್ಟು ಅಕ್ಕರೆಯಿಂದ ಒರೆಸಿ ಮತ್ತೆ ಕಟ್ಟಿದರು. ಸ್ಟಾರ್ಟ್ ಮಾಡಿದರೆ ಇಂಜಿನ್ನು ಒಂದೇ ಏಟಿಗೆ ಎದ್ದಿತು. ಹೆಡ್‌ಲೈಟು ಮೊದಲಿಗಿಂತ ಬೆಳ್ಳಗಾಯಿತು.

ಹೆಂಡತಿ, “ನಿಮ್ಮ ಉಪಕಾರ ಮರೆಯೂದಿಲ್ಲ ಮಾಮ್” ಎಂದಳು.

“ಹಂಗೆ ಎಂತಕೆ ಹೇಳ್ತೆ ಮಗಾ? ಕಂಡ್ಹಿಡದವ ಅವ” ಎಂದು ಅವರು ಬೆಕ್ಕಿನ ಕಡೆ ಕೈ ತೋರಿಸಿದರು. “ಒಂದೆರಡು ತಾರ್ಲೆ ಮೀನು ಕೊಡಿಸಿ ಹೋಗು.”

ಕೊಡಿಸಿದೆವು. ಹೊನ್ನಾವರದಿಂದ ಕುಮಟೆಗೆ ಹೋಗಿ ಬರಲು ಶರಾವತಿ ಸಿಗುವುದಿಲ್ಲ. ಆಯಿಯೂ ಆವತ್ತು ಬಂದಿರಲಿಲ್ಲ. ಬರುವಾಗ ದೀಪ ಅಲ್ಲೊಮ್ಮೆ ಇಲ್ಲೊಮ್ಮೆ ಮಿಟುಕಿತೇ ಹೊರತು ದೊಡ್ಡ ಗಲಾಟೆ ಮಾಡಲಿಲ್ಲ. ಮನೆಗೆ ಬಂದು ಆಯಿಗೆ ಬೆಕ್ಕಿನ ಕತೆ ಹೇಳಿದೆವು. ಅವಳಿಗೆ ಬೆಕ್ಕಿನ ಮೇಲೆ ಗೌರವ ಹುಟ್ಟಿತು. ಆದರೆ, “ಅದು ಕುಮಟೆ ಬೆಕ್ಕು, ಅದ್ಕೆ ಶರಾವತಿ ವಿಷ್ಯ ಹೆಂಗೆ ಗೊತ್ತಾಗ್ಬೇಕು?” ಎಂದಳು.

೪. ಪರದೆ

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಭಾವ ಹೊನ್ನಾವರಕ್ಕೆ ಬರುತ್ತೇನೆಂದು ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿ ತಿಳಿಸಿದ. ಹೆಂಡತಿ ಕಾರಿನೊಳಗೆ ಹೋಗಿ ಆ ದೀಪದ ಕಡೆ ನೋಡುತ್ತ ಕೂತಳು. ಅವಳನ್ನು ಹಾಗೆ ನೋಡಲು ನನ್ನಿಂದ ಆಗುವುದಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಒಂದು ಪುಟ್ಟ ಪರದೆ ಹೊಲಿದೆ. ಮೇಲೆ ಇಲಾಸ್ಟಿಕ್, ಕೆಳಗೆ ಲೇಸು, ಮೀಟರುಗಳ ಮುಂದೆ ಆ ದೀಪದ ಮೇಲೆ ಸರಿಯಾಗಿ ಕೂರುವ ಹಾಗೆ.

ಆಯಿಗೆ ಬಹಳ ಚೆಂದ ಕಂಡಿತು. ಹೆಂಡತಿ ನೋಡಿದಳು, ನನ್ನನ್ನೂ ನೋಡಿದಳು.

“ನಾನು ಮಕ್ಕಳಿಗೆ ಪಾಠ ಹೇಳುವವ್ಳು. ಗೊತ್ತಿಲ್ಲದ್ದನ್ನ ಮುಚ್ಚಿಡಿ ಅಂತ ಹೇಳಿಕೊಟ್ಟಿಲ್ಲ. ಬಿಚ್ಚಿ.”

ಬಿಚ್ಚಿದೆ. ಅವಳ ಈ ಸ್ವಭಾವಕ್ಕೇ ನಾನು ಇಷ್ಟು ವರ್ಷ ಸೋತು ಬಂದಿರುವುದು. ಭಾವ ಬಂದ, ಕಾರಿನಲ್ಲಿ ಕೂತ, ತಿರುವಿನಲ್ಲಿ ದೀಪ ಮಿಟುಕಿತು, ನೋಡಿದ, ಏನೂ ಹೇಳದೆ ಬಾಡಕ್ಕೆ ಹೋದ. ಹೇಳದೆ ಹೋದದ್ದೇ ನಮಗೆ ಹೆದರಿಕೆಯಾಯಿತು. ಪರದೆಯನ್ನು ಆಯಿ ಎಸೆಯಲು ಬಿಡಲಿಲ್ಲ. ದೇವರ ಗೂಡಿನ ಗಣಪತಿಗೆ ಸರಿಯಾದ ಅಳತೆ ಆಯಿತು.

೫. ಆಯಿಯ ಬದಲು ಅಕ್ಕಿ

ಇನ್ನು ಯಾರನ್ನೂ ಕೇಳುವುದಿಲ್ಲ, ತಾನೇ ನೋಡುತ್ತೇನೆಂದು ಹೆಂಡತಿ ಹೊರಟಳು. ಶಾಲೆಗೆ ಹೋಗಿ ಬರುವಾಗೆಲ್ಲ ದೀಪದ ನಡತೆ ಗಮನಿಸಿದಳು. ಬ್ಯಾಟರಿ ಒಂದು ದಿನವೂ ಇಳಿದಿಲ್ಲ, ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್. ದೀಪ ಮಾತ್ರ ಹತ್ತುತ್ತದೆ. ಅದೂ ಹೆಚ್ಚಾಗಿ ಎಡಕ್ಕೆ ತಿರುಗುವಾಗ. ಭಾನುವಾರ ಆಯಿ ಕೂತು ಹೋದ ಮೇಲಂತೂ ಸೋಮವಾರ ಜೋರು.

“ಎಡಗಡೆ ಭಾರ ಬಿದ್ದಾಗ ಒಳಗೆ ಯಾವ್ದೋ ವೈರು ತಾಗ್ತದೆ” ಎಂದು ತರ್ಕ ಮಾಡಿದಳು. ಎಡಗಡೆ ಕೂರುವವಳು ಆಯಿ. ಈ ಮಾತನ್ನು ಅತ್ತೆಗೆ ಹೇಳುವುದು ಹೇಗೆ? ಹೇಳಲಿಲ್ಲ. ಒಂದು ಭಾನುವಾರ ಆಯಿಗೆ ನೆಗಡಿ, ಮನೆಯಲ್ಲೇ ಉಳಿದಳು. ಹೆಂಡತಿ ಅಕ್ಕಿ ಅಂಗಡಿಯಿಂದ ಆಯಿಯಷ್ಟೇ ತೂಕದ ಮೂಟೆ ತಂದು ಮುಂದಿನ ಸೀಟಿನಲ್ಲಿ ನಿಲ್ಲಿಸಿದಳು. ಮೂಟೆ ತಿರುವಿನಲ್ಲಿ ವಾಲುತ್ತದೆಂದು ನಾನು ಸೀರೆಯ ತುಂಡಿನಿಂದ ಸೀಟಿಗೆ ಕಟ್ಟಿದೆ. ಅಷ್ಟರಲ್ಲಿ ಆಯಿ ಹೊರಗೆ ಬಂದಳು.

“ನನ್ನ ಸೀಟಲ್ಲಿ ಯಾರು ಕೂತಿದ್ದು?”

ಅವಳು ಹತ್ತಿರ ಬಂದು ಮೂಟೆಯ ಮೇಲಿನ ಸೀರೆಯ ತುಂಡು ಮುಟ್ಟಿ ನೋಡಿದಳು. “ಇದು ನನ್ನ ಹಳೆ ಸೀರೆ. ಅಲ್ದಾ?”

ಪ್ರಯೋಗದ ಉದ್ದೇಶವನ್ನು ಹೆಂಡತಿ ಆದಷ್ಟು ಮೆತ್ತಗೆ ವಿವರಿಸಿದಳು. ಆಯಿ ಒಳಗೆ ಹೋದಳು. ನಾವು ಸೇತುವೆ ದಾಟಿ ಬಂದೆವು. ತಿರುವಿನಲ್ಲಿ ದೀಪ ಎಂದಿನಂತೆ ಮಿಟುಕಿತು, ಮೂಟೆಯನ್ನು ಹಿಂದಿನ ಸೀಟಿಗೆ ಸರಿಸಿ ತಿರುಗಿಸಿದರೂ ಅಷ್ಟೇ ಮಿಟುಕಿತು. ಮನೆಗೆ ಬಂದಾಗ ಆಯಿ ಜಗಲಿಯಲ್ಲಿ ಕಾಯುತ್ತಿದ್ದಳು.

“ಹತ್ತಿತಾ?”

“ಹತ್ತಿತು ಅತ್ತೆ. ನಿಮ್ಮ ಭಾರದ್ದು ಅಲ್ಲ.”

“ಹತ್ತದೆ ಎಂತ ಮಾಡ್ತದೆ? ಆ ಮೂಟೆ ಹೊಳೆಗೆ ಒಂದ್ ಪೈಸೆ ಆದ್ರೂ ಹಾಕಿತಾ ಕೇಳು” ಎಂದಳು ಆಯಿ.

೬. ಕಾಸರಕೋಡಿನಲ್ಲಿ ಗಾಳ

ಭಾವ ಹೇಳದೆ ಹೋದದ್ದು ಸುಮ್ಮನೆ ಅಲ್ಲ. ಮಾವನಿಗೆ ಹೇಳಿದ್ದ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬಾಡದಿಂದ ಬಸ್ಸಿನಲ್ಲಿ ಬಂದಿಳಿದರು. ಮಾವ ಚಾ ಕುಡಿದು ಮಗಳಿಗೆ ಹೇಳಿದರು, “ಕೆಂಪು ದೀಪ ಹತ್ತೂ ಗಾಡಿಲಿ ನಿನ್ನ ಬಿಡೂಕೆ ನಂಗೆ ಧೈರ್ಯ ಇಲ್ಲ ಮಗಾ. ಇವತ್ತು ಭಟ್ಕಳಕ್ಕೆ ಹೋಗುವ. ದಾರಿಲಿ ದೀಪ ಹತ್ಲಿಲ್ಲ ಅಂದ್ರೆ ಕಾರು ನಿಂದು. ಹತ್ತಿತು ಅಂದ್ರೆ ಅಲ್ಲೇ ಐಸಿನವ್ರಿಗೆ ಬಿಟ್ಟು ಬಸ್ಸಲ್ಲಿ ಬರುವ.”

“ಆತು ಅಪ್ಪ” ಎಂದಳು. ವಾದ ಮಾಡಲಿಲ್ಲ. ಒದ್ದೆ ಬಟ್ಟೆ ತಂದು ಕಾರನ್ನು ಚಕ್ರದವರೆಗೆ ಒರೆಸಿದಳು, ಮಗುವನ್ನು ಹಾಸ್ಟೆಲಿಗೆ ಕಳಿಸುವ ಹಾಗೆ. ನಾನು ಅಂಗಡಿಗೆ ಹೋಗುವ ನೆಪ ಮಾಡಿ ಮುಖ ತಿರುಗಿಸಿಕೊಂಡೆ.

ಆಯಿ ಒಳಗೆ ಪೆಟ್ಟಿಗೆ ತೆರೆದು ಬಹಳ ಹೊತ್ತು ಹುಡುಕಿ, ಒಂದು ದಪ್ಪ ಐದು ರೂಪಾಯಿಯ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಸೊಸೆಯ ಕಾರು ಉಳಿಸಲು ಅವಳ ಕೈಲಾದ ಅತಿ ದೊಡ್ಡ ಕಾಣಿಕೆ. ಎಂದಿನಂತೆ ಮುಂದೆ ಕೂತಳು. ಹಿಂದೆ ಮಾವ, ಭಾವ, ನಾನು.

ಸೇತುವೆ ಬಂತು. ಆಯಿ ಕಣ್ಣು ಮುಚ್ಚಿದಳು. ಭಾವನೂ ನಾನೂ ಕಣ್ಣು ಮುಚ್ಚಿ ಕೈಮುಗಿದೆವು. ಆದರೆ ಮಾವ ಜೀವಮಾನವಿಡೀ ಟ್ಯಾಕ್ಸಿ ಓಡಿಸಿದವರು, ಓಡುವ ಗಾಡಿಯಲ್ಲಿ ಕಣ್ಣು ಮುಚ್ಚುವ ಅಭ್ಯಾಸ ಅವರಿಗಿಲ್ಲ. ಅವರು ನೋಡುತ್ತಲೇ ಇದ್ದರು.

ಸೇತುವೆ ಮುಗಿಯಿತು. ದೀಪ ಈ ಸಲ ಮಿಟುಕಲಿಲ್ಲ. ನೆಟ್ಟಗೆ ಹತ್ತಿ, ಕೆಂಡದ ಹಾಗೆ ನಿಂತಿತು.

“ಮುಗೀತು” ಎಂದ ಭಾವ. ಅವನ ದನಿಯಲ್ಲೂ ಖುಷಿ ಇರಲಿಲ್ಲ.

“ಮಗಾ, ಬದಿಗೆ ನಿಲ್ಸು” ಎಂದರು ಮಾವ. ಕಾಸರಕೋಡಿನ ರಸ್ತೆಬದಿಯಲ್ಲಿ ಕಾರು ನಿಂತಿತು. ಹೆಂಡತಿ ಕೀಲಿ ತಿರುಗಿಸಿ ಇಂಜಿನ್ನು ಆರಿಸಿ, ಸ್ಟೀರಿಂಗಿನ ಮೇಲೆ ಕೈ ಇಟ್ಟು ಕೂತಳು. ಮಾವ ಇಳಿದು ಮುಂದಿನ ಬಾಗಿಲಿಗೆ ಬಂದರು. “ಅಕ್ಕಾ, ನೀವು ಈಗ ಹೊಳೆಗೆ ಕಾಣಿಕೆ ಹಾಕಿದ್ರಲ್ಲ, ಅದನ್ನೇ ಇನ್ನೊಂದ್ಸಲ ಮಾಡಿ ತೋರ್ಸಿ.”

ಆಯಿಗೆ ಅರ್ಥವಾಗಲಿಲ್ಲ. ಆದರೂ ಬರಿಗೈಯಲ್ಲಿ ಮಾಡಿ ತೋರಿಸಿದಳು. ಕಣ್ಣು ಮುಚ್ಚಿ, ಬಲಗೈಯನ್ನು ಎದೆಯ ಅಡ್ಡ ತಂದು, ಎಡಗಡೆಯ ಕಿಟಕಿಯ ಕಡೆ ಬೀಸಿದಳು.

“ಕಿಟಕಿ ಎಡಗಡೆ ಅದೆ, ಎಡಗೈಲಿ ಹಾಕೂಕಾಗೂದಿಲ್ವಾ?” ಎಂದು ಭಾವ ಕೇಳಿದ.

ಆಯಿ ಅವನನ್ನು ಒಂದು ನೋಟ ನೋಡಿದಳು. “ದೇವ್ರಿಗೆ ಎಡಗೈಲಿ ಹಾಕ್ತಾರಾ ತಮಾ?”

ಎಲ್ಲ ಅಲ್ಲೇ ಇತ್ತು. ನಾಲ್ಕು ಬೆರಳಿನಷ್ಟು ತೆರೆದ ಗಾಜು, ಮುಚ್ಚಿದ ಕಣ್ಣು, ಅಡ್ಡ ಬೀಸಿದ ಬಲಗೈ. ನಾಣ್ಯ ಕಿಟಕಿಯ ಚೌಕಟ್ಟಿಗೆ ಬಡಿದು, ಡ್ಯಾಶ್‌ಬೋರ್ಡಿನ ಮೇಲೆ ಬಿದ್ದು, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರಲು ಬಿಟ್ಟ ಉದ್ದನೆಯ ಸೀಳಿನೊಳಗೆ ಇಳಿಯುವುದನ್ನು ಮಾವ ಕಣ್ಣಾರೆ ಕಂಡಿದ್ದರು. ಸೇತುವೆಯ ಗಡಗಡ ಶಬ್ದದಲ್ಲಿ ಅದರ ಸದ್ದು ಯಾರಿಗೂ ಕೇಳುತ್ತಿರಲಿಲ್ಲ.

ಹೆಂಡತಿ ತಟ್ಟನೆ ನೆಟ್ಟಗೆ ಕೂತಳು. “ಎಡಕ್ಕೆ ತಿರುಗಿದ್ರೆ ಒಳಗಿದ್ದ ನಾಣ್ಯ ಎಲ್ಲ ಬಲಕ್ಕೆ ಜಾರ್ತವೆ. ದೀಪದ ಹಿಂದೆ ಬಂದು ಅದರ ವೈರಿಗೂ ತಗಡಿಗೂ ತಾಗ್ತವೆ. ದೀಪ ಹತ್ತದೆ ಎಂತ ಮಾಡ್ತದೆ?”

“ಹೌದು. ಈ ಗಾಡಿಲಿ ದೀಪಕ್ಕೆ ಬೇರೆ ರಿಲೇ ಅದೆ. ಅದರ ವೈರು ತಗಡಿಗೆ ತಾಗಿದ್ರೆ ದೀಪ ಹತ್ತೂದು ಅಷ್ಟೇ, ಚಾರ್ಜಿಂಗಿಗೆ ಎಂತದೂ ಆಗೂದಿಲ್ಲ” ಎಂದರು ಮಾವ.

ಹೊಳೆಗೆ ಬೇಜಾರೆಂದು ಆಯಿ ಕಾಣಿಕೆ ಏರಿಸಿದಳು. ಏರಿಸಿದ ಕಾಣಿಕೆ ಒಳಗೆ ಬಿದ್ದು ದೀಪ ಇನ್ನಷ್ಟು ಹತ್ತಿತು. ಅದನ್ನು ನೋಡಿ ಆಯಿ ಮತ್ತೂ ಏರಿಸಿದಳು.

ಈಗ ನಾಣ್ಯ ತೆಗೆಯಬೇಕು. ಸೀಳಿನಲ್ಲಿ ಬೆರಳು ಹೋಗುವುದಿಲ್ಲ. ಆಗ ನನಗೆ ನನ್ನ ಜೇಬಿನ ನೆನಪಾಯಿತು. ಬಿದ್ದ ಸೂಜಿ, ಗುಂಡುಪಿನ್ನು ಹೆಕ್ಕಲು ಟೇಲರುಗಳ ಹತ್ತಿರ ಒಂದು ಅಯಸ್ಕಾಂತದ ತುಂಡು ಇರುತ್ತದೆ. ಅದಕ್ಕೆ ದಪ್ಪ ನೂಲು ಕಟ್ಟಿ ಸೀಳಿನಿಂದ ಒಳಗೆ ಇಳಿಬಿಟ್ಟೆ. ಟಕ್ ಎಂದಿತು. ಎಳೆದರೆ ನಾಲ್ಕಾಣೆ.

ಕಾಸರಕೋಡು ಮೀನುಗಾರರ ಊರು. ನೂಲು ಇಳಿಬಿಟ್ಟು ಎಳೆಯುವವನನ್ನು ನೋಡಿ ಅಲ್ಲಿ ಯಾರೂ ಸುಮ್ಮನೆ ಹೋಗುವುದಿಲ್ಲ. ಒಬ್ಬ ನಿಂತ, ಇಬ್ಬರು ನಿಂತರು, ಆಮೇಲೆ ಕಾರಿನ ಸುತ್ತ ಜಾಗವೇ ಇರಲಿಲ್ಲ.

“ಗಡಬಡೆ ಮಾಡ್ಬೇಡ್ರಾ, ಕಚ್ಲಿ.”

“ಅಲ್ಲಲ್ಲ, ಬಲಗಡೆ ಬಿಡಿ, ಆಳ ಅಲ್ಲಿ ಅದೆ.”

“ಈಗ ಎಳೀರಿ, ಈಗ.”

ಎಂಟಾಣೆ ಬಂತು, ರೂಪಾಯಿ ಬಂತು, ಒಂದೊಂದು ಸಲ ಎರಡೆರಡು ಒಟ್ಟಿಗೆ ಬಂದವು. ಬಂದಾಗಲೆಲ್ಲ ಜನ “ಹೋ” ಎಂದರು. ಕಾರು ಮಾರಿಸಲು ಬಂದ ಭಾವ ನನ್ನ ಕೈಯಿಂದ ನೂಲು ಕಸಿದುಕೊಂಡು, “ನಿಮ್ಗೆ ಗಾಳ ಹಾಕೂಕೆ ಬರೂದಿಲ್ಲ ಭಾವ” ಎಂದು ತಾನೇ ಬಗ್ಗಿ ನಿಂತ. ಐದು ರೂಪಾಯಿಯ ನಾಣ್ಯ ಮಾತ್ರ ಯಾರ ಗಾಳಕ್ಕೂ ಬರಲಿಲ್ಲ, ಅದರ ಲೋಹವೇ ಬೇರೆ. ಕೊನೆಗೆ ಹೆಂಡತಿ ಸ್ಟೀರಿಂಗಿನ ಕೆಳಗೆ ನುಸುಳಿ, ಡ್ಯಾಶ್‌ಬೋರ್ಡಿನ ಅಡಿಯಿಂದ ಕೈ ಹಾಕಿ, ಮೊಣಕೈ ತರಚಿಕೊಂಡು, ದೀಪದ ಹಿಂದೆ ಸಿಕ್ಕಿಕೊಂಡಿದ್ದ ಅದನ್ನು ಕಿತ್ತು ತಂದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಸ್ಟಾರ್ಟ್ ಮಾಡಿದಳು. ಎಲ್ಲರ ತಲೆಯೂ ಕಿಟಕಿಯೊಳಗೆ ತೂರಿತು. ದೀಪ ಆರಿತು. ಅಲ್ಲೇ ಪಕ್ಕದ ಮೈದಾನದಲ್ಲಿ ಎಡಕ್ಕೆ ಸುತ್ತು ಹಾಕಿಸಿದರು ಮಾವ. ಆರಿದ್ದು ಆರಿಯೇ ಇತ್ತು.

“ಆದ್ರೂ ಅಪ್ಪ, ಕಾರು ದಾರಿಲಿ ನಿಂತಿತಲ್ಲ” ಎಂದ ಭಾವ, ಷರತ್ತಿನ ಮರ್ಯಾದೆಗೆ.

“ನಿಂತಿದ್ದು ಅಲ್ಲ. ನಾನು ನಿಲ್ಸಿದ್ದು” ಎಂದು ಮಾವ ಮುಗಿಸಿದರು.

ಇಷ್ಟೆಲ್ಲ ಆಗುವಾಗ ಆಯಿ ಸೆರಗಿನ ತುಂಬ ನಾಣ್ಯ ಹಾಕಿಸಿಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು. “ಹಂಗಾರೆ ಇಷ್ಟ್ ದಿನ ಅವ್ಳಿಗೆ ಒಂದೂ ಮುಟ್ಲಿಲ್ವಾ?” ಎಂದಳು. ಅವಳ ಚಿಂತೆ ಅದು. ಹೆಂಡತಿ ಅತ್ತೆಯ ಕೈ ಹಿಡಿದು, “ಬನ್ನಿ ಅತ್ತೆ, ಈಗಲೇ ಮುಟ್ಸುವ” ಎಂದು ಸೇತುವೆಯ ಮೇಲೆ ನಡೆಸಿಕೊಂಡು ಹೋದಳು. ನಾವೂ ಹಿಂದೆ ಹೋದೆವು, ಕಾಸರಕೋಡಿನ ಅರ್ಧ ಊರೂ ಬಂತು.

“ಅಕ್ಕಾ, ಈ ಸಲ ಕಣ್ಣು ಬಿಟ್ಕಂಡು ಹಾಕಿ” ಎಂದರು ಮಾವ.

ಆಯಿ ಕಣ್ಣು ಬಿಟ್ಟುಕೊಂಡೇ, ಎರಡೂ ಕೈಯಲ್ಲಿ, ಇದ್ದದ್ದನ್ನೆಲ್ಲ ಶರಾವತಿಗೆ ಸುರಿದಳು. ಬಿಸಿಲಿಗೆ ಅವು ಹೊಳೆಯುತ್ತ ಇಳಿದವು. ಆಮೇಲೆ ಹಗುರಾಗಿ ಬಂದು ಕಾರಿನಲ್ಲಿ ಕೂತಳು.

ಭಟ್ಕಳಕ್ಕೆ ಹೋಗಲೇಬೇಕಿತ್ತು, ಐಸಿನ ಸಾಹೇಬರು ಕಾಯುತ್ತಿದ್ದರು. ಹೊರಟು ಸ್ವಲ್ಪ ದೂರ ಹೋಗಿದ್ದೆವು. ಆಯಿ ಸೆರಗಿನ ತುದಿಯ ಗಂಟು ಬಿಚ್ಚಿ, ಹೊಳೆಗೆ ಸುರಿಯುವ ಮೊದಲೇ ತೆಗೆದಿಟ್ಟುಕೊಂಡಿದ್ದ ಒಂದು ನಾಲ್ಕಾಣೆ ತೆಗೆದು, ನಾವೆಲ್ಲ ನೋಡುತ್ತಿರುವಂತೆಯೇ, ಬಲಗೈಯಲ್ಲಿ, ಗಾಜಿನ ಬುಡದ ಸೀಳಿಗೆ ಹಾಕಿ ಕೈಮುಗಿದಳು.

“ಅತ್ತೇ!”

“ಹೊಳೆಗೆ ಒಂದೂ ಮುಟ್ಟಿರ್ಲಿಲ್ಲ, ಎಲ್ಲ ಈ ಕಾರಿಗೇ ಮುಟ್ಟಿದ್ದು. ಇದು ಒಂದ್ ದಿನವೂ ನಿನ್ನ ದಾರಿಲಿ ನಿಲ್ಸ್ಲಿಲ್ಲ. ಇಷ್ಟ್ ದಿನ ತಕಂಡು ರೂಢಿ ಆದ್ದು, ಇವತ್ತಿಂದ ಕೊಡ್ಲಿಲ್ಲ ಅಂದ್ರೆ ಇದ್ಕೆ ಹೆಂಗಾಗ್ಬೇಡ ಮಗಾ?”

ಹೆಂಡತಿ ಅತ್ತೆಯನ್ನು ನೋಡಿದಳು, ನಕ್ಕಳು, ಗೇರು ಹಾಕಿದಳು. ತೆಗೆಯಲು ಯಾರೂ ಹೋಗಲಿಲ್ಲ.

ಐಸಿನ ಸಾಹೇಬರ ಅಂಗಳಕ್ಕೆ ಎಡಕ್ಕೇ ತಿರುಗಬೇಕು. ತಿರುಗಿ ನಿಂತೆವು. ಇಂಜಿನ್ನು ಓಡುತ್ತಲೇ ಇತ್ತು. ಸಾಹೇಬರು ಬಂದು ಕಿಟಕಿಯಲ್ಲಿ ಬಗ್ಗಿದರು. ಭಾವನೇ ಮುಂದಾಗಿ, “ಕ್ಷಮಿಸಿ ಸಾಹೇಬ್ರೆ, ಈ ಕಾರು ಮಾರೂದಿಲ್ಲ. ಎಂತ ತೊಂದ್ರೆನೂ ಇಲ್ಲ ಇದ್ಕೆ” ಎಂದ.

“ತೊಂದ್ರೆ ಇಲ್ಲ ಅಂತೀರಿ, ಬ್ಯಾಟರಿ ದೀಪ ಹತ್ತಿದೆಯಲ್ಲ?” ಎಂದು ಸಾಹೇಬರು ಬೆರಳು ತೋರಿಸಿದರು.

ನೋಡಿದರೆ ಹೌದು, ಕೆಂಪಗೆ ಮಿಟುಕುತ್ತಿತ್ತು. ನನ್ನ ಹೆಂಡತಿ ಕಾರನ್ನು ರಿವರ್ಸಿಗೆ ಹಾಕುತ್ತ ಹೇಳಿದಳು.

“ಅದು ಬ್ಯಾಟರಿದು ಅಲ್ಲ ಸಾಹೇಬ್ರೆ. ನಮ್ಮತ್ತೆ ಹಾಕಿದ ಕಾಣಿಕೆ ಮುಟ್ಟಿತು ಅಂತ ಕಾರು ರಶೀದಿ ಕೊಡ್ತಾ ಅದೆ.”